ಗಾಜಿನ ಕಡಲಿಗೆ ಮೇವು

ಕುಮಟಾ ತಾಲ್ಲೂಕಿನ ಗೋಕರ್ಣದಿಂದ ದಕ್ಷಿಣಕ್ಕೆ, ಕುಡ್ಲೆ ತೀರವನ್ನು ದಾಟಿ ಹೋದರೆ ಓಂ ಬೀಚ್ ಎಂಬ ಕಡಲತಡಿ ಸಿಕ್ಕುತ್ತದೆ. ಅರ್ಧಚಂದ್ರದ ಆಕಾರದ ಎರಡು ಮರಳದಂಡೆಗಳು ಕಡಲಿಗೆ ಚಾಚಿಕೊಂಡ ಬಂಡೆಗಳ ಒಂದು ಮೂಲೆಯಲ್ಲಿ ಸಂಧಿಸುವುದರಿಂದ, ಮೇಲಿನ ಗುಡ್ಡದಿಂದ ನೋಡಿದವರಿಗೆ ಅದು ಓಂಕಾರದಂತೆ ತೋರುತ್ತದೆ. ಹೆಸರು ಬಂದುದು ಹಾಗೆ. ಸಂಜೆಯ ಸೂರ್ಯನನ್ನು ನೋಡಲು ಅಲ್ಲಿಗೆ ಹೋಗುವವರು ಬಹಳ ಮಂದಿ. ಆದರೆ ಇಳಿತದ ಹೊತ್ತಿನಲ್ಲಿ ಆ ಬಂಡೆಗಳ ಕುಳಿಗಳಲ್ಲಿ ಉಳಿದ ನೀರನ್ನು ಬಗ್ಗಿ ನೋಡುವವರು ವಿರಳ.

ಅಂಥ ಕುಳಿಯ ನೀರನ್ನು ಒಂದು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಬಿಳಿಯ ಧೂಳಿನ ಕಣಗಳಂಥವು ಕೆಲವು ಕಾಣಸಿಗುವುದುಂಟು. ಧೂಳಾದರೆ ಮೆಲ್ಲಗೆ ತಳಕ್ಕೆ ಇಳಿಯಬೇಕು. ಇವು ಹಾಗಲ್ಲ, ಒಂದು ಕ್ಷಣ ನಿಂತು, ಥಟ್ಟನೆ ನೆಗೆದು, ಮತ್ತೆ ನಿಲ್ಲುತ್ತವೆ, ಇಲ್ಲವೆ ಗಾಜಿನ ಗೋಡೆಗೆ ಅಂಟಿಕೊಂಡು ಹರಿದಾಡುತ್ತವೆ. ಇವೇ ಕೋಪೆಪಾಡುಗಳು. ಕಡಲಿನ ಮೀನುಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಬಯಸುವವರು ಮೀನಿಗಿಂತ ಮೊದಲು ಪರಿಚಯ ಮಾಡಿಕೊಳ್ಳಬೇಕಾದ ಜೀವಿಗಳು ಇವು. ಏಕೆಂದರೆ ಆ ತೊಟ್ಟಿಗಳಲ್ಲಿ ಎಷ್ಟೋ ಮೀನುಗಳು ಸಾಯುವುದು ರೋಗದಿಂದಲ್ಲ, ಹಸಿವಿನಿಂದ.

ಹುಟ್ಟಿನಂಥ ಕಾಲು

ಗ್ರೀಕ್ ಭಾಷೆಯಲ್ಲಿ ‘ಕೋಪೆ’ ಎಂದರೆ ದೋಣಿಯ ಹುಟ್ಟು, ‘ಪೋಡ್’ ಎಂದರೆ ಕಾಲು. ಹುಟ್ಟು ಹಾಕಿದಂತೆ ಕಾಲುಗಳನ್ನು ಬೀಸಿ ಮುಂದೆ ಸಾಗುವುದರಿಂದ ಈ ಹೆಸರು. ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಈ ಕಠಿಣಚರ್ಮಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹೆಚ್ಚಿನವುಗಳ ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಮೊಟ್ಟೆಯಿಂದ ಹೊರಬಂದ ಮರಿಗೆ ನಾಪ್ಲಿಯಸ್ ಎಂದು ಹೆಸರು. ಮೂರು ಜೊತೆ ಅವಯವಗಳು, ನಡುನೆತ್ತಿಯಲ್ಲಿ ಒಂದೇ ಒಂದು ಕಣ್ಣು. ಆರು ನಾಪ್ಲಿಯಸ್ ಹಂತಗಳನ್ನು ದಾಟಿ, ಅನಂತರ ಕೋಪೆಪೋಡಿಡ್ ಎಂಬ ಐದು ಹಂತಗಳನ್ನು ಕಳೆದು ಅದು ಪ್ರೌಢವಾಗುತ್ತದೆ. ಪ್ರತಿ ಹಂತದಲ್ಲಿಯೂ ಹಳೆಯ ಪೊರೆಯನ್ನು ಕಳಚಬೇಕು. ನಮ್ಮ ಕರಾವಳಿಯಂಥ ಬೆಚ್ಚಗಿನ ನೀರಿನಲ್ಲಿ ಹಲವು ಸಣ್ಣ ಜಾತಿಗಳಿಗೆ ಇಷ್ಟಕ್ಕೆಲ್ಲ ಒಂದೆರಡು ವಾರಗಳು ಸಾಕು.

ಇವುಗಳ ಸಿಹಿನೀರಿನ ದಾಯಾದಿಯ ಪರಿಚಯ ಕನ್ನಡನಾಡಿಗೆ ಹಿಂದಿನಿಂದಲೂ ಉಂಟು, ಆದರೆ ಕೆಟ್ಟ ಹೆಸರಿನಿಂದ. ಮೆಟ್ಟಿಲು ಬಾವಿಗಳ ನೀರಿನಲ್ಲಿದ್ದ ಸೈಕ್ಲಾಪ್ಸ್ ಎಂಬ ಕೋಪೆಪಾಡಿನ ಮೂಲಕವೇ ನಾರುಹುಣ್ಣಿನ ಹುಳು ಮನುಷ್ಯರ ಹೊಟ್ಟೆಯನ್ನು ಸೇರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಸರಳ ಅಭ್ಯಾಸವು ಆ ರೋಗದ ನಿರ್ಮೂಲನಕ್ಕೆ ಬಹಳವಾಗಿ ನೆರವಾಯಿತು. ಭಾರತದಲ್ಲಿ ಕೊನೆಯ ರೋಗಿ ಕಂಡುಬಂದುದು 1996ರಲ್ಲಿ. ದೇಶವು ಆ ರೋಗದಿಂದ ಮುಕ್ತವಾಯಿತೆಂದು 2000ದಲ್ಲಿ ಘೋಷಣೆಯಾಯಿತು.

ಕಡಲಿನಲ್ಲಿ ಇವುಗಳ ಪಾತ್ರವೇ ಬೇರೆ. ಬಿಸಿಲನ್ನು ಹೀರಿ ಬೆಳೆಯುವ ಸೂಕ್ಷ್ಮ ಪಾಚಿಗಳನ್ನು ಕೋಪೆಪಾಡುಗಳು ತಿನ್ನುತ್ತವೆ. ಕೋಪೆಪಾಡುಗಳನ್ನು ಮೀನುಗಳು ತಿನ್ನುತ್ತವೆ. ನಮ್ಮ ಕರಾವಳಿಯವರ ಊಟದ ಬಂಗಡೆಗೂ ಇವು ಮುಖ್ಯವಾದ ಆಹಾರ. ಹಿಂದೂ ಮಹಾಸಾಗರದ ಕೋಪೆಪಾಡುಗಳನ್ನು ವಿವರವಾಗಿ ವರ್ಣಿಸಿದವರಲ್ಲಿ ಆರ್. ಬಿ. ಸೀಮೂರ್ ಸೆವೆಲ್ ಪ್ರಮುಖರು. ಅವರ ಬೃಹತ್ ಗ್ರಂಥದ ಭಾಗಗಳು 1929ರಲ್ಲಿಯೂ 1932ರಲ್ಲಿಯೂ ಪ್ರಕಟವಾದುವು. ಮುಂದೆ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಕಾಲದಲ್ಲಿ ಹಲವು ದೇಶಗಳ ಹಡಗುಗಳು ಬಲೆ ಹಾಕಿ ತಂದ ಪ್ಲವಕಗಳನ್ನು ಕೊಚ್ಚಿಯಲ್ಲಿ ಸ್ಥಾಪಿಸಿದ ಕೇಂದ್ರದಲ್ಲಿ ವಿಂಗಡಿಸಿದರು. ನೀರಿನ ಓಟದಲ್ಲಿ ತೇಲಿ ಸಾಗುವ ಸಣ್ಣ ಜೀವಿಗಳಿಗೆ ಪ್ಲವಕಗಳೆಂದು ಹೆಸರು. ಕಡಲಿನ ಪ್ರಾಣಿಪ್ಲವಕಗಳಲ್ಲಿ ಬಹುಪಾಲು ಕೋಪೆಪಾಡುಗಳೇ.

ತುಂಬಿದ ತೊಟ್ಟಿಯಲ್ಲಿ ಹಸಿವು

ಹವಳದ ದಿಬ್ಬವನ್ನು ಹೋಲುವಂತೆ ಕಲ್ಲು, ಮರಳು, ದೀಪಗಳನ್ನು ಜೋಡಿಸಿದ ಗಾಜಿನ ತೊಟ್ಟಿಗಳು ಇಂದು ನಗರಗಳ ಮನೆಗಳಲ್ಲಿಯೂ ಕಾಣುತ್ತಿವೆ. ಅವುಗಳಲ್ಲಿ ಸಾಕಲು ಜನ ಆಸೆಪಡುವ ಮೀನುಗಳಲ್ಲಿ ಮ್ಯಾಂಡರಿನ್ ಎಂಬುದೊಂದು. ನೀಲಿ, ಕಿತ್ತಳೆ ಬಣ್ಣಗಳ ಗೆರೆಗಳಿಂದ ಶೋಭಿಸುವ ಈ ಮೀನು ಪಶ್ಚಿಮ ಪೆಸಿಫಿಕ್ ಸಾಗರದ ನಿವಾಸಿ. ಅದು ಕಲ್ಲಿನಿಂದ ಕಲ್ಲಿಗೆ ಸರಿಯುತ್ತ, ಹಗಲೆಲ್ಲ ಒಂದೊಂದೇ ಸಣ್ಣ ಜೀವಿಯನ್ನು ಕುಕ್ಕಿ ತಿನ್ನುತ್ತದೆ. ಒಣಗಿದ ಆಹಾರದ ತುಣುಕು ಎದುರಿಗೆ ಬಿದ್ದರೂ ಅದನ್ನು ಆಹಾರವೆಂದೇ ಅದು ತಿಳಿಯುವುದಿಲ್ಲ. ಸುತ್ತಲೂ ಆಹಾರ ತೇಲುತ್ತಿರಲು, ನೋಡುವವರಿಗೆ ಸುಖವಾಗಿರುವಂತೆ ಕಾಣುತ್ತಿರಲು, ಆ ಮೀನಿನ ಹೊಟ್ಟೆ ದಿನದಿನಕ್ಕೆ ಒಳಸೇರಿ, ಕೆಲವು ವಾರಗಳಲ್ಲಿ ಅದು ಸಾಯುತ್ತದೆ.

ಮೊಟ್ಟೆಯೊಡೆದು ಬಂದ ಮೀನುಮರಿಗಳ ಕಷ್ಟ ಮತ್ತೊಂದು ಬಗೆಯದು. ಅವುಗಳ ಬಾಯಿ ಬಹು ಸಣ್ಣದು. ಮೀನು ಸಾಕುವವರು ಸಾಮಾನ್ಯವಾಗಿ ಬಳಸುವ ಆರ್ಟೀಮಿಯದ ಮರಿಯ ಉದ್ದ ಸುಮಾರು 400ರಿಂದ 500 ಮೈಕ್ರಾನ್, ಎಂದರೆ ಅರ್ಧ ಮಿಲಿಮೀಟರು. ಸಣ್ಣ ಕೋಪೆಪಾಡಿನ ನಾಪ್ಲಿಯಸ್ 100 ಮೈಕ್ರಾನಿಗಿಂತಲೂ ಚಿಕ್ಕದಾಗಿರಬಲ್ಲದು. ಅದರ ದೇಹದಲ್ಲಿ, ಮೀನಿನ ಮರಿಯ ಕಣ್ಣು, ಮಿದುಳುಗಳ ಬೆಳವಣಿಗೆಗೆ ಅವಶ್ಯವಾದ ಕೆಲವು ಕೊಬ್ಬಿನ ಆಮ್ಲಗಳು ಸಹಜವಾಗಿಯೇ ಸಮೃದ್ಧವಾಗಿರುತ್ತವೆ. ಆರ್ಟೀಮಿಯದಲ್ಲಿ ಇವು ಕಡಿಮೆ. ಆದುದರಿಂದಲೇ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನ ಸಂಸ್ಥೆಯು ಕೇರಳದ ವಿಳಿಂಜಂನಲ್ಲಿರುವ ತನ್ನ ಕೇಂದ್ರದಲ್ಲಿ ಕೋಪೆಪಾಡುಗಳ ಸಾಕಣೆಯನ್ನು ಕೈಗೊಂಡಿದೆ. ಇದೇ ಸಂಸ್ಥೆಯ ಕೇಂದ್ರವೊಂದು ನಮ್ಮ ಕಾರವಾರದಲ್ಲಿಯೂ ಇದೆ.

ನೀರು ಮತ್ತು ಉಪ್ಪು

ಸಾಕಣೆಗೆ ಬೇಕಾದ ಸಾಮಗ್ರಿ ಸ್ವಲ್ಪವೇ: ಇಪ್ಪತ್ತು ಲೀಟರಿನ ಎರಡು ಮೂರು ಪಾತ್ರೆಗಳು, ಒಂದು ಸಣ್ಣ ಗಾಳಿಪಂಪು, ಎರಡು ಬಗೆಯ ನೈಲಾನ್ ಜರಡಿಗಳು, ಒಂದು ಭೂತಗನ್ನಡಿ. ಪಾತ್ರೆಗಳು ಗಾಜಿನವೋ ಪ್ಲಾಸ್ಟಿಕಿನವೋ ಆಗಿರಲಿ, ಲೋಹದವು ಬೇಡ. ತಾಮ್ರದ ಅತಿ ಸ್ವಲ್ಪ ಅಂಶವೂ ಈ ಜೀವಿಗಳಿಗೆ ವಿಷ.

ತೆರೆದ ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಹಾಗಾದರೆ ಅಡುಗೆಯ ಉಪ್ಪನ್ನು ಅಳೆದು ಹಾಕಿದರೆ ಸಾಲದೆ? ಸಾಲದು. ಕಾರಣವನ್ನು ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿಯೇ ಕಾಣಬಹುದು. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಮಡಿಗಳಲ್ಲಿ ಬಿಸಿಲಿಗೆ ಆರಿಸಿದಾಗ ಮೊದಲು ಸುಣ್ಣದ ಅಂಶವಿರುವ ಲವಣಗಳು ತಳಕ್ಕೆ ಇಳಿಯುತ್ತವೆ. ಅನಂತರ ಸೋಡಿಯಂ ಕ್ಲೋರೈಡು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಲವಣಗಳು ಉಳಿದ ಕಹಿನೀರಿನಲ್ಲಿಯೇ ನಿಂತುಬಿಡುತ್ತವೆ. ಎಂದರೆ ನಮ್ಮ ಕೈಗೆ ಬರುವ ಹರಳು ಕಡಲಿನ ಒಂದು ಭಾಗ ಮಾತ್ರ. ಪೊರೆ ಕಳಚಿ ಹೊಸ ಕವಚವನ್ನು ಕಟ್ಟಿಕೊಳ್ಳಬೇಕಾದ ಜೀವಿಗೆ ಉಳಿದ ಲವಣಗಳೂ ಬೇಕು. ಆದುದರಿಂದ ಕಡಲಿನ ನೀರನ್ನೇ ತರಬೇಕು. ಇಲ್ಲವೆ ಅಕ್ವೇರಿಯಂ ಅಂಗಡಿಯಲ್ಲಿ ದೊರೆಯುವ ಕಡಲುಪ್ಪಿನ ಮಿಶ್ರಣವನ್ನು ಕ್ಲೋರಿನ್ ಇಲ್ಲದ ನೀರಿನಲ್ಲಿ ಕರಗಿಸಿಕೊಳ್ಳಬೇಕು.

ಓಂ ಬೀಚಿನ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ ಕಡಲನ್ನು ಸೇರುತ್ತವೆ. ಮಳೆಗಾಲದಲ್ಲಿ ಇವು ತರುವ ಸಿಹಿನೀರು, ಕೆಸರುಗಳಿಂದಾಗಿ ತೀರದ ನೀರು ಸಪ್ಪೆಯಾಗಿ ಕದಡಿರುತ್ತದೆ. ನೀರು ತರಲು ತಕ್ಕ ಕಾಲವೆಂದರೆ ಮಳೆ ನಿಂತು ಕಡಲು ತಿಳಿಯಾದ ಮೇಲಿನ ತಿಂಗಳುಗಳು. ಲವಣಾಂಶವನ್ನು ಅಳೆಯಲು ಜಲಮಾಪಕ ಬೇಕು. ಸಾಪೇಕ್ಷ ಸಾಂದ್ರತೆ 1.025ರ ಸಮೀಪದಲ್ಲಿರಲಿ. ಜಲಮಾಪಕವಿಲ್ಲದವರು ಒಂದೇ ಶಾಖದಲ್ಲಿರುವ ಒಂದು ಲೀಟರು ಸಿಹಿನೀರನ್ನೂ ಒಂದು ಲೀಟರು ಉಪ್ಪುನೀರನ್ನೂ ತೂಗಿ ನೋಡಬಹುದು. ಉಪ್ಪುನೀರು ಸುಮಾರು 26 ಗ್ರಾಂ ಹೆಚ್ಚು ತೂಗಬೇಕು.

ಇಲ್ಲಿ ಹೊಸಬರು ಎಚ್ಚರ ವಹಿಸಬೇಕಾದ ಮಾತೊಂದಿದೆ. ನೀರು ಆವಿಯಾದಾಗ ಉಪ್ಪು ಆವಿಯಾಗದು. ಪಾತ್ರೆಯ 20 ಲೀಟರು ನೀರು ಆರಿ 16 ಲೀಟರಿಗೆ ಇಳಿದರೆ, 35 ಇದ್ದ ಲವಣಾಂಶ 44ರ ಹತ್ತಿರ ಏರುತ್ತದೆ. ಕೊರತೆಯನ್ನು ತುಂಬಲು ಸಿಹಿನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ. ಪಾತ್ರೆಯ ಹೊರಗೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದಿಟ್ಟರೆ ಈ ಕೆಲಸ ಸುಲಭ.

ಬೀಜವನ್ನು ತರುವುದು

ಕೋಪೆಪಾಡುಗಳಲ್ಲಿ ನಮಗೆ ಪ್ರಯೋಜನಕ್ಕೆ ಬರುವ ಗಣಗಳು ಮೂರು. ಕ್ಯಾಲನಾಯ್ಡುಗಳು ತೆರೆದ ನೀರಿನಲ್ಲಿ ತೇಲುವಂಥವು. ಇವುಗಳ ಮೀಸೆ ಉದ್ದ. ಹೆಚ್ಚು ಜನಸಂದಣಿಯನ್ನು ಸಹಿಸವು. ಹಾರ್ಪ್ಯಾಕ್ಟಿಕಾಯ್ಡುಗಳು ತಳದಲ್ಲಿ, ಗೋಡೆಯ ಮೇಲೆ, ಪಾಚಿಯ ನಡುವೆ ಹರಿದಾಡುವಂಥವು. ಇವುಗಳ ಮೀಸೆ ಗಿಡ್ಡ. ಸೈಕ್ಲೊಪಾಯ್ಡುಗಳು ಇವೆರಡರ ನಡುವಿನವು. ಬಂಡೆಕುಳಿಗಳಲ್ಲಿ ಬಾಳುವ ಹಾರ್ಪ್ಯಾಕ್ಟಿಕಾಯ್ಡುಗಳು ಮನೆಯ ಸಾಕಣೆಗೆ ಒಳ್ಳೆಯವು. ಬೇಸಗೆಯ ಬಿಸಿಲಿಗೆ ಕುಳಿಯ ನೀರು ಉಪ್ಪೇರಿ ಕಾಯುತ್ತದೆ. ಒಂದು ಮಳೆ ಬಂದರೆ ಸಪ್ಪೆಯಾಗುತ್ತದೆ. ಉಬ್ಬರ ಬಂದರೆ ಎಲ್ಲವೂ ಕಲಕುತ್ತದೆ. ಅದನ್ನೆಲ್ಲ ತಾಳಿಕೊಂಡ ಕುಲಕ್ಕೆ ನಮ್ಮ ಪಾತ್ರೆಯ ಸಣ್ಣಪುಟ್ಟ ಏರುಪೇರು ದೊಡ್ಡದಲ್ಲ.

ಪ್ರಯೋಗಾಲಯದಲ್ಲಿ ಸಾಕಿದ ಶುದ್ಧ ತಳಿ ದೊರೆತರೆ ಅದೇ ಉತ್ತಮ. ದೊರೆಯದಿದ್ದರೆ, ಶಾಂತವಾದ ದಿನ ಇಳಿತದ ವೇಳೆ ಕುಳಿಯೊಂದರಿಂದ ಒಂದು ಲೀಟರು ನೀರು ಸಾಕು. ಮಳೆಗಾಲದಲ್ಲಿ ಆ ಬಂಡೆಗಳ ಮೇಲೆ ಕಾಲಿಡಲೇಬಾರದು. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಅಲೆ ಮುನ್ಸೂಚನೆ ಕೊಡದೆ ಬರುತ್ತದೆ. ತಂದ ನೀರನ್ನು ಹಾಗೆಯೇ ಪಾತ್ರೆಗೆ ಸುರಿಯಬಾರದು. ಮೀನಿನ ಪರೋಪಜೀವಿಗಳು, ಬೇಟೆಗಾರ ಹುಳುಗಳು ಅದರಲ್ಲಿ ಇರಬಹುದು. ಬಿಳಿಯ ತಟ್ಟೆಯಲ್ಲಿ ಹರಡಿ, ಬಾಲದ ಬಳಿ ಮೊಟ್ಟೆಯ ಚೀಲ ಹೊತ್ತಿರುವ ಹೆಣ್ಣುಗಳನ್ನು ಭೂತಗನ್ನಡಿಯಿಂದ ಗುರುತಿಸಿ, ಒಂದೊಂದನ್ನೇ ಹನಿಗೊಳವೆಯಿಂದ ಎತ್ತಿ, ಸೋಸಿ ಕುದಿಸಿ ಆರಿಸಿದ ಕಡಲ ನೀರಿನ ಸಣ್ಣ ಸೀಸೆಗಳಿಗೆ ಬಿಡಬೇಕು. ಒಂದು ಸೀಸೆಯಲ್ಲಿ ಒಂದೇ ಜಾತಿ ಬೆಳೆದಾಗ ಅದನ್ನು ದೊಡ್ಡ ಪಾತ್ರೆಗೆ ಏರಿಸಬಹುದು.

ಹವಳವನ್ನಾಗಲಿ ಹವಳದ ಕಲ್ಲನ್ನಾಗಲಿ ಕಡಲಿನಿಂದ ಎತ್ತಿ ತರುವ ಮಾತೇ ಇಲ್ಲ. ಕರ್ನಾಟಕದ ಕರಾವಳಿಯಲ್ಲಿ ಹವಳಗಳು ನೆಲೆಸಿರುವ ಜಾಗಗಳೇ ಅಪೂರ್ವ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅವುಗಳಲ್ಲಿ ಮುಖ್ಯ. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಮೊದಲನೆಯ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳಗಳನ್ನೂ ಕಡಲಕುದುರೆಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಉಂಟು. ಆದುದರಿಂದ ನಮ್ಮ ತೊಟ್ಟಿಯ ದಿಬ್ಬವನ್ನು ಕೃತಕ ಕಲ್ಲುಗಳಿಂದಲೇ ಕಟ್ಟಬೇಕು. ಕೆಲವು ತಿಂಗಳಲ್ಲಿ ಅದರ ಸಂದುಗಳಲ್ಲಿ ಕೋಪೆಪಾಡುಗಳು ತಾವೇ ಮನೆ ಮಾಡಿಕೊಳ್ಳುತ್ತವೆ.

ಮೇವಿಗೂ ಮೇವು

ಕೋಪೆಪಾಡಿಗೆ ಆಹಾರ ಸೂಕ್ಷ್ಮ ಪಾಚಿ. ಐಸೊಕ್ರೈಸಿಸ್, ಟೆಟ್ರಾಸೆಲ್ಮಿಸ್ ಎಂಬುವು ಸಾಕಣೆದಾರರು ಬಹುವಾಗಿ ಬಳಸುವ ಜಾತಿಗಳು. ಒಂದೆರಡು ಲೀಟರಿನ ಸ್ವಚ್ಛವಾದ ಸೀಸೆಯಲ್ಲಿ ಕುದಿಸಿ ಆರಿಸಿದ ಕಡಲ ನೀರನ್ನು ತುಂಬಿ, ನೈಟ್ರೇಟು, ಫಾಸ್ಫೇಟು, ಸ್ವಲ್ಪ ಕಬ್ಬಿಣ ಮೊದಲಾದ ಲೋಹಾಂಶಗಳು, ಜೀವಸತ್ವಗಳು ಇರುವ ಪೋಷಕ ದ್ರಾವಣವನ್ನು ಸೇರಿಸಿ, ಪಾಚಿಯ ಬೀಜವನ್ನು ಹಾಕಿ, ಕೊಳವೆದೀಪದ ಮುಂದೆ ಇಟ್ಟರೆ ಸುಮಾರು ಒಂದು ವಾರದಲ್ಲಿ ನೀರು ಗಾಢವಾದ ಬಣ್ಣಕ್ಕೆ ತಿರುಗುತ್ತದೆ. ಈ ಸೀಸೆಗಳಲ್ಲಿ ಒಂದನ್ನು ಯಾವಾಗಲೂ ಬೀಜಕ್ಕೆಂದು ಉಳಿಸಿಕೊಳ್ಳಬೇಕು. ಕೋಪೆಪಾಡು ಮುಟ್ಟಿದ ಯಾವ ಪಾತ್ರೆಯನ್ನೂ ಅದರ ಬಳಿಗೆ ತರಬಾರದು.

ಎಷ್ಟು ಪಾಚಿ ಹಾಕಬೇಕು? ಸುಲಭವಾದ ಪರೀಕ್ಷೆಯೊಂದುಂಟು. ಪಾರದರ್ಶಕ ಪಾತ್ರೆಯ ಹಿಂದೆ ವೃತ್ತಪತ್ರಿಕೆಯ ಹಾಳೆಯೊಂದನ್ನು ಹಿಡಿಯಿರಿ. ನೀರಿಗೆ ತೆಳುವಾದ ಬಣ್ಣವಿದ್ದು ಅಕ್ಷರಗಳನ್ನು ಓದಬಹುದಾಗಿದ್ದರೆ ಹದವಾಗಿದೆ. ಬಣ್ಣವೇ ಇಲ್ಲದಿದ್ದರೆ ಜೀವಿಗಳು ಹಸಿದಿವೆ. ಅಕ್ಷರಗಳು ಮರೆಯಾದರೆ ಪಾಚಿ ಹೆಚ್ಚಾಯಿತು. ರಾತ್ರಿ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಾಗುವಷ್ಟರಲ್ಲಿ ಉಸಿರಿಗೆ ಕೊರತೆ ಬರಬಹುದು. 30 ಡಿಗ್ರಿ ಶಾಖದಲ್ಲಿ ಒಂದು ಲೀಟರು ಕಡಲ ನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 6 ಮಿಲಿಗ್ರಾಂ ಮಾತ್ರ. ನೀರು ಹಾಲಿನಂತೆ ಬಿಳುಪಾಗಿ ಕದಡಿದರೆ ಏಕಾಣುಜೀವಿಗಳು ಹೆಚ್ಚಿವೆಯೆಂದು ತಿಳಿದು, ಜೀವಿಗಳನ್ನು ಸೋಸಿ ಹೊಸ ನೀರಿಗೆ ಸಾಗಿಸಬೇಕು.

ಜೇನಿನಂಥ ನೀರು

ಗಾಳಿಯನ್ನು ಎಷ್ಟು ಬಿಡಬೇಕೆಂಬುದಕ್ಕೆ ಉತ್ತರ ಭೌತವಿಜ್ಞಾನದಲ್ಲಿದೆ. ನೀರಿನಲ್ಲಿ ಚಲಿಸುವ ವಸ್ತುವಿನ ಮೇಲೆ ಎರಡು ಪ್ರಭಾವಗಳುಂಟು: ಚಲನೆಯನ್ನು ಮುಂದುವರಿಸುವ ಜಡತ್ವ, ಅದನ್ನು ತಡೆಯುವ ನೀರಿನ ಸ್ನಿಗ್ಧತೆ. ಇವೆರಡರ ಅನುಪಾತಕ್ಕೆ ರೆನಾಲ್ಡ್ಸ್ ಸಂಖ್ಯೆ ಎಂದು ಹೆಸರು. ಸೆಕೆಂಡಿಗೆ ಒಂದು ಮೀಟರಿನಂತೆ ಈಜುವ ಮನುಷ್ಯನಿಗೆ ಈ ಸಂಖ್ಯೆ ಇಪ್ಪತ್ತು ಲಕ್ಷದ ಸುಮಾರು. ಒಂದು ಮಿಲಿಮೀಟರಿನ ಹತ್ತನೆಯ ಒಂದರಷ್ಟು ಉದ್ದವಿದ್ದು, ಸೆಕೆಂಡಿಗೆ ಒಂದು ಮಿಲಿಮೀಟರು ಸಾಗುವ ನಾಪ್ಲಿಯಸ್ಸಿಗೆ ಅದು ಹತ್ತರಲ್ಲಿ ಒಂದು ಮಾತ್ರ. ನಮಗೆ ಜೇನುತುಪ್ಪದ ಕೊಳದಲ್ಲಿ ಈಜುವುದು ಹೇಗೋ, ಅದಕ್ಕೆ ನೀರಿನಲ್ಲಿ ಈಜುವುದು ಹಾಗೆ. ಕಾಲು ಬೀಸುವುದನ್ನು ನಿಲ್ಲಿಸಿದ ಕ್ಷಣವೇ ಅದರ ಚಲನೆ ನಿಲ್ಲುತ್ತದೆ. ಸುತ್ತಲಿನ ನೀರು ಎತ್ತ ಎಳೆದರೆ ಅತ್ತ ಅದು ಹೋಗಲೇಬೇಕು.

ಆದುದರಿಂದ ರಭಸವಾದ ಗಾಳಿ ಈ ಜೀವಿಗಳಿಗೆ ಬಿರುಗಾಳಿಯೇ ಸರಿ. ನೊರೆಯಂಥ ಸಣ್ಣ ಗುಳ್ಳೆಗಳು ಮೈಗೆ ಅಂಟಿ ಅವುಗಳನ್ನು ಮೇಲಕ್ಕೆ ಒಯ್ಯುತ್ತವೆ. ಗಾಳಿಯ ಕಲ್ಲನ್ನು ತೆಗೆದು, ತೆರೆದ ಕೊಳವೆಯ ಬಾಯಿಂದ ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆಗಳು ಏಳುವಂತೆ ಮಾಡಿದರೆ ಸಾಕು. ಆಮ್ಲಜನಕ ಹೆಚ್ಚಾಗಿ ಬೆರೆಯುವುದು ನೀರಿನ ಮೇಲ್ಮೈಯಲ್ಲಿ; ಗುಳ್ಳೆಯ ಕೆಲಸ ತಳದ ನೀರನ್ನು ಮೇಲಕ್ಕೆ ತರುವುದು.

ಸೋಸುವಾಗಲೂ ಇಂಥದೇ ಎಚ್ಚರ ಬೇಕು. ಜರಡಿಯನ್ನು ಪೂರ್ತಿ ನೀರಿನಿಂದ ಎತ್ತಿದರೆ ಅದಕ್ಕೆ ಅಂಟಿದ ನೀರಿನ ತೆಳುಪೊರೆಯ ಮೇಲ್ಮೈ ಎಳೆತಕ್ಕೆ ಮರಿಗಳು ಸಿಕ್ಕುತ್ತವೆ. ಆ ಎಳೆತವು ನಾಪ್ಲಿಯಸ್ಸಿನ ತೂಕದ ಸಾವಿರ ಪಟ್ಟಿಗಿಂತಲೂ ಹೆಚ್ಚಾಗಬಲ್ಲದು. ಜರಡಿಯ ತಳ ಒಂದು ತಟ್ಟೆಯ ನೀರಿನಲ್ಲಿ ಮುಳುಗಿರುವಂತೆ ಇಟ್ಟು, ಮೇಲಿನಿಂದ ಮೆಲ್ಲಗೆ ಸುರಿಯಬೇಕು. 50 ಮೈಕ್ರಾನಿನ ಜರಡಿ ಮರಿಗಳನ್ನು ಹಿಡಿಯುತ್ತದೆ. 200 ಮೈಕ್ರಾನಿನದು ಮರಿಗಳನ್ನು ಬಿಟ್ಟು ದೊಡ್ಡವನ್ನು ಉಳಿಸಿಕೊಳ್ಳುತ್ತದೆ. ತೇಲುವ ಜಾತಿಗಳ ಮರಿಗಳು ಬೆಳಕಿನತ್ತ ಸೇರುವುದರಿಂದ, ಕತ್ತಲೆಯ ಕೋಣೆಯಲ್ಲಿ ಪಾತ್ರೆಯ ಒಂದು ಮೂಲೆಗೆ ಕೈದೀಪ ಹಿಡಿದು ಅವುಗಳನ್ನು ಅಲ್ಲಿಂದಲೇ ಹೀರಿಕೊಳ್ಳಬಹುದು.

ಎಣಿಕೆ ಮತ್ತು ಕೊಯ್ಲು

ಈಗ ಲೆಕ್ಕಕ್ಕೆ ಬರೋಣ. ಚೆನ್ನಾಗಿ ಕಲಕಿದ ಪಾತ್ರೆಯಿಂದ ಒಂದೊಂದು ಮಿಲಿಲೀಟರಿನಂತೆ ಹತ್ತು ಸಲ ನೀರು ತೆಗೆದು, ಭೂತಗನ್ನಡಿಯ ಕೆಳಗೆ ಎಣಿಸಿ, ಸರಾಸರಿ ತೆಗೆಯಿರಿ. ಎಣಿಸಿದ ಒಟ್ಟು ಸಂಖ್ಯೆ 100 ಆಗಿದ್ದರೆ ಅದರಲ್ಲಿ 10ರಷ್ಟು ಹೆಚ್ಚು ಕಡಿಮೆ ಸಹಜ. ಕೇವಲ 4 ಆಗಿದ್ದರೆ 2ರಷ್ಟು ಹೆಚ್ಚು ಕಡಿಮೆ, ಎಂದರೆ ಅರ್ಧಕ್ಕೆ ಅರ್ಧ ಅನಿಶ್ಚಿತ. ಆದುದರಿಂದ ಕಡಿಮೆ ಜೀವಿಗಳಿದ್ದಾಗ ಹೆಚ್ಚು ಸಲ ಎಣಿಸಬೇಕು.

ಮಿಲಿಲೀಟರಿಗೆ ಎರಡು ಜೀವಿಗಳು ಇವೆಯೆಂದುಕೊಳ್ಳೋಣ. 20 ಲೀಟರಿನ ಪಾತ್ರೆಯಲ್ಲಿ 40,000 ಇದ್ದಂತಾಯಿತು. ವಾರಕ್ಕೆ ಕಾಲುಭಾಗವನ್ನು ಕೊಯ್ದರೆ 10,000. ನಮ್ಮ ಮ್ಯಾಂಡರಿನ್ ಮೀನು ನಿಮಿಷಕ್ಕೆ ಐದರಂತೆ ಹಗಲಿನ ಹತ್ತು ಗಂಟೆ ತಿಂದರೆ ದಿನಕ್ಕೆ 3,000 ಬೇಕು. ಎಂದರೆ ಒಂದು ಪಾತ್ರೆಯ ವಾರದ ಕೊಯ್ಲು ಒಂದು ಮೀನಿಗೆ ಮೂರು ದಿನದ ಊಟ! ಒಂದು ಮೀನಿಗೆ ಇಂಥ ಎರಡು ಮೂರು ಪಾತ್ರೆಗಳಾದರೂ ಬೇಕು; ಅಲ್ಲದೆ ತೊಟ್ಟಿಯ ಪಕ್ಕದಲ್ಲಿ ಮೀನು ಹೋಗಲಾರದ, ಪಾಚಿ ತುಂಬಿದ ಒಂದು ಆಶ್ರಯದ ಅಂಕಣವಿದ್ದರೆ, ಅಲ್ಲಿ ಬೆಳೆದ ಕೋಪೆಪಾಡುಗಳು ತಾವಾಗಿ ತೊಟ್ಟಿಗೆ ಹರಿದು ಬರುತ್ತವೆ.

ಪಾತ್ರೆ ಪೂರ್ತಿ ತುಂಬುವವರೆಗೆ ಕಾದು ಕೊಯ್ಯುವುದೇ ಲಾಭವೆಂದು ಕೆಲವರಿಗೆ ತೋರಬಹುದು. ಲೆಕ್ಕ ಬೇರೆ ಹೇಳುತ್ತದೆ. ಜೀವಿಗಳು ಕಡಿಮೆಯಿದ್ದಾಗ ಹೆರುವ ಹೆಣ್ಣುಗಳು ಕಡಿಮೆ. ಕಿಕ್ಕಿರಿದಾಗ ಆಹಾರ, ಉಸಿರುಗಳ ಕೊರತೆಯಿಂದ ಹೆರಿಗೆಯೇ ಕುಗ್ಗುತ್ತದೆ. ಬೆಲ್ಜಿಯಂ ದೇಶದ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲಿ ಕೊಟ್ಟ ಸಮೀಕರಣದ ಪ್ರಕಾರ, ಪಾತ್ರೆಗೆ ಹಿಡಿಸುವ ಗರಿಷ್ಠ ಸಂಖ್ಯೆಯ ಅರ್ಧದಷ್ಟಿರುವಾಗ ಬೆಳವಣಿಗೆ ಅತ್ಯಂತ ವೇಗವಾದುದು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ, ತಪ್ಪದೆ ಕೊಯ್ಯುವುದೇ ಹೆಚ್ಚು ಇಳುವರಿಯ ದಾರಿ. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿಕಲ್ಲು ಆರಿಸಿ ಬಾಳುವ ಕುಟುಂಬಗಳಿಗೂ ಕಡಲಿಗೆ ಬಲೆ ಹಾಕುವವರಿಗೂ ಅನ್ವಯಿಸುವ ಲೆಕ್ಕ ಇದರದೇ ವಿಸ್ತಾರ. ಆ ಅಳಿವೆಯು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆಂಬ ಮನ್ನಣೆ ಪಡೆದಿದೆ.

ಇಷ್ಟು ಏರ್ಪಾಡು ಒಂದು ಬೆರಳುದ್ದದ ಮೀನಿಗಾಗಿ ಬೇಕೆ ಎಂದು ಓದುಗರು ಕೇಳಬಹುದು. ಬೇಕು, ಕಡಲು ಅದನ್ನು ದಿನವೂ ಯಾರಿಗೂ ತಿಳಿಯದಂತೆ ಮಾಡುತ್ತಿರುವುದರಿಂದ ನಮಗೆ ಅದರ ಬೆಲೆ ಗೊತ್ತಾಗುವುದಿಲ್ಲ. ರೈತನು ಹುಲ್ಲಿನ ಬಣವೆಯನ್ನು ನೋಡಿಕೊಂಡು ಎತ್ತನ್ನು ಕೊಳ್ಳುತ್ತಾನೆ. ಗಾಜಿನ ಕಡಲನ್ನು ಕಟ್ಟುವವನೂ ಹಾಗೆಯೇ ಮೊದಲು ಮೂರು ತಿಂಗಳ ಕಾಲ ಪಾಚಿಯನ್ನೂ ಕೋಪೆಪಾಡುಗಳನ್ನೂ ಸಾಕಿ ನೋಡಲಿ. ವಾರ ವಾರದ ಎಣಿಕೆ ಕುಗ್ಗದೆ ನಿಂತರೆ ಮೀನನ್ನು ತರಲಿ. ನಿಲ್ಲದಿದ್ದರೆ, ಲೋಟದಲ್ಲಿ ನೆಗೆದಾಡುವ ಆ ಬಿಳಿಯ ಚುಕ್ಕೆಗಳನ್ನೇ ಭೂತಗನ್ನಡಿಯಲ್ಲಿ ನೋಡುತ್ತ ಕುಳಿತರೂ ಒಂದು ಸಂಜೆ ಸಾರ್ಥಕವಾಗಿ ಕಳೆದೀತು. ಮೀನೊಂದರ ಪ್ರಾಣವೂ ಉಳಿದೀತು.